ಕೆಂಬಂಡೆಯ ನಾಡಿನಲ್ಲಿ ಯಾವ ದಾರಿ ಹಿಡಿಯಬೇಕು?

ಪ್ರಶ್ನೆ: ಬಾದಾಮಿಯ ಕೆಂಪು ಬೆಟ್ಟಗಳಲ್ಲಿ ನಡೆಯುವ ಆಸೆ. ದಾರಿಯನ್ನು ಆರಿಸುವುದು ಹೇಗೆ? — ಓದುಗರು, ಬೆಳಕವಾಡಿ

ಉತ್ತರ: ಬಾದಾಮಿ ಮರುಭೂಮಿಯಲ್ಲ, ಆದರೆ ನಮ್ಮ ನಾಡಿನಲ್ಲಿ ಅದಕ್ಕೆ ಹತ್ತಿರದ ಕೆಂಬಂಡೆಯ ಸೀಮೆ ಅದೇ. ಅಲ್ಲಿ ದಾರಿಯನ್ನು ಉದ್ದ ನೋಡಿ ಆರಿಸಬೇಡಿ, ನೆರಳು ನೋಡಿ ಆರಿಸಿ. ನಿಮ್ಮೂರಿನ ಹತ್ತಿರ, ಶಿವನಸಮುದ್ರದಲ್ಲಿ, ಕಾವೇರಿ ಗಟ್ಟಿಯಾದ ನೈಸ್ ಬಂಡೆಯ ಮೇಲೆ ಧುಮುಕುತ್ತದೆ. ಅಲ್ಲಿ ನೀರು ಕಣ್ಣೆದುರೇ ಇದೆ. ಆದರೆ ಬಾದಾಮಿಯದು ಕಬ್ಬಿಣದ ಆಕ್ಸೈಡಿನಿಂದ ಕೆಂಪೇರಿದ ಮರಳುಗಲ್ಲು. ಬಿಸಿಲಿಗೆ ಕಾದು ಸಂಜೆಯವರೆಗೂ ಬಿಸಿ ಉಗುಳುತ್ತದೆ. 578ರ ಶಾಸನವಿರುವ ಮೂರನೆಯ ಗುಹೆಯೂ ಸೇರಿದಂತೆ ಗುಹಾಲಯಗಳು ಉತ್ತರಕ್ಕೆ ಮುಖ ಮಾಡಿವೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಹೊತ್ತೇರಿದ ಮೇಲೂ ಅಲ್ಲಿ ನೆರಳು ಸಿಗುತ್ತದೆ. ಎದುರಿನ ಉತ್ತರ ಬೆಟ್ಟ ಹಾಗಲ್ಲ. ಶಿವಾಲಯಗಳಿಗೆ ಏರುವ ಕಣಿವೆಯ ಮೆಟ್ಟಿಲುಗಳು ಚೆಲುವಾಗಿವೆ, ಆದರೆ ಮೇಲೆ ಬಯಲು. ಅದನ್ನು ಬೆಳಗ್ಗೆಯೇ ಮುಗಿಸಿ. ಸಂಜೆಗೆ ಅಗಸ್ತ್ಯತೀರ್ಥ ಕೆರೆಯ ದಂಡೆಯಲ್ಲಿ ಭೂತನಾಥ ದೇಗುಲದವರೆಗಿನ ಸಮತಟ್ಟಿನ ನಡಿಗೆ ಸಾಕು.

ಡಿಸೆಂಬರಿನಲ್ಲಿ ಹವೆ ತಂಪಲ್ಲವೇ, ಇಷ್ಟು ಲೆಕ್ಕವೇಕೆ ಎಂದು ಕೇಳಬಹುದು. ಗಾಳಿ ತಂಪಾದರೂ ಬೋಳುಬಂಡೆಯ ಮೇಲೆ ನೆತ್ತಿಯ ಬಿಸಿಲು ಬಿಸಿಲೇ, ಬೆವರು ಒಣಗಿಹೋಗುವುದರಿಂದ ಬಾಯಾರಿಕೆ ತಡವಾಗಿ ಗೊತ್ತಾಗುತ್ತದೆ. ಮಳೆಗಾಲವೇ ಮೇಲು ಎನ್ನುವವರ ಮಾತಿನಲ್ಲೂ ಅರ್ಧ ನಿಜವಿದೆ: ಆಗ ಬಂಡೆಯಂಚಿನಿಂದ ನೀರು ಧುಮುಕುವ ನೋಟ ಅಪೂರ್ವ. ಆದರೆ ನೆನೆದ ಮರಳುಗಲ್ಲು ಸಡಿಲಗೊಳ್ಳುತ್ತದೆ, ಪಾಚಿ ಜಾರುತ್ತದೆ; ಮಳೆ ನಿಂತ ಕೂಡಲೇ ಬಂಡೆ ಹತ್ತಬೇಡಿ. ಪ್ರಾಗೈತಿಹಾಸಿಕ ಚಿತ್ರಗಳಿರುವ ಸಿಡಿಲಫಡಿಯ ಕಾಲುದಾರಿ ನನ್ನ ಮೆಚ್ಚಿನ ಆಯ್ಕೆ. ಕುರುಚಲಿನಲ್ಲಿ ದಾರಿ ಕವಲೊಡೆಯುತ್ತದೆ, ಆದ್ದರಿಂದ ಸ್ಥಳೀಯರೊಬ್ಬರು ಜೊತೆಗಿರಲಿ, ನೀರು ಬಾದಾಮಿಯಿಂದಲೇ ಹೊತ್ತು ಹೋಗಿ.