ಬರಿಗೊರಳು ನೋಡಿ ಬಾಳು ಅಳೀಬೇಡಿ

ಮುಡುಕುತೊರೆ ಜಾತ್ರೆಗೆ ಹೋಗಿದ್ದೀರಾ? ಹೋಗಿಲ್ಲ ಅಂದ್ರೆ ಒಂದ್ಸಲ ಹೋಗಿ ಬನ್ನಿ. ತಿ. ನರಸೀಪುರ ತಾಲ್ಲೂಕು, ತಲಕಾಡಿನ ಪಕ್ಕ, ಕಾವೇರಿ ದಂಡೆ. ಬೆಟ್ಟದ ಮೇಲೆ ಮಲ್ಲಿಕಾರ್ಜುನಸ್ವಾಮಿ. ತಲಕಾಡಿನ ಪಂಚಲಿಂಗಗಳಲ್ಲಿ ಈತನೂ ಒಬ್ಬ. ಬೆಟ್ಟದ ಕೆಳಗೆ ದನಗಳ ಜಾತ್ರೆ. ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ, ಬೆನ್ನಿಗೆ ಜೂಲು ಹಾಕಿದ ಹಳ್ಳಿಕಾರ್ ಹೋರಿಗಳನ್ನ ನೋಡೋದೇ ಒಂದು ಹಬ್ಬ. ಕೊಳ್ಳೋಕೆ ಬಂದ ರೈತ ಮೊದಲು ಏನು ಮಾಡ್ತಾನೆ ಗೊತ್ತಾ? ಹಲ್ಲು ನೋಡ್ತಾನೆ, ಆಮೇಲೆ ಸುಳಿ ನೋಡ್ತಾನೆ. ಸುಳಿ ಸರಿ ಇಲ್ಲ ಅಂದ್ರೆ ಎಂಥಾ ಹೋರಿ ಆದ್ರೂ ಬೆಲೆ ಬಿದ್ದುಹೋಗುತ್ತೆ.

ಕೆಲವು ವರ್ಷಗಳ ಹಿಂದೆ ಆ ಜಾತ್ರೆಯಲ್ಲಿ ನಾನು ಒಂದು ಬಳೆ ಅಂಗಡಿ ಮುಂದೆ ನಿಂತಿದ್ದೆ. ಮೂವತ್ತೈದರ ಆಸುಪಾಸಿನ ಹೆಣ್ಣುಮಗಳು ಒಬ್ಬಳು ಆರೇಳು ವರ್ಷದ ಮಗಳ ಕೈ ಹಿಡ್ಕೊಂಡು ಬಂದಳು. ಹಣೆಯಲ್ಲಿ ಕುಂಕುಮ ಇಲ್ಲ, ಕಿವಿಯಲ್ಲಿ ಓಲೆ ಇಲ್ಲ, ಕೈಯಲ್ಲಿ ಬಳೆ ಇಲ್ಲ, ಕೊರಳಲ್ಲಿ ತಾಳಿ ಇಲ್ಲ. ಮಗು ಕೆಂಪು ಗಾಜಿನ ಬಳೆಗೆ ಕೈ ಹಾಕ್ತು. ಬಳೆ ಮಾರುವ ಅಜ್ಜಿ ಆ ತಾಯಿಯನ್ನ ಮೇಲಿಂದ ಕೆಳಗೆ ನೋಡಿ, ದನಿ ತಗ್ಗಿಸಿ ಕೇಳಿದ್ಲು: ‘ಯಾವಾಗ ಓದ್ರವ್ವ ನಿಮ್ ಯಜಮಾನ್ರು?’

ಆಕೆ ನಕ್ಕುಬಿಟ್ಟಳು. ‘ಅಯ್ಯೋ, ಅಲ್ಲೇ ಎತ್ತು ಇಡ್ಕಂಡು ನಿಂತವ್ರೆ ಕಣಜ್ಜಿ. ನಾವು ಪ್ರಾರ್ಥನೆಗೆ ಓಯ್ತೀವಿ. ಒಡವೆ ಆಕಲ್ಲ.’

ಅಜ್ಜಿ ಮಾತಾಡಲಿಲ್ಲ. ಮಗು ಬಳೆ ಬಿಡಲಿಲ್ಲ. ತಾಯಿ ಆ ಕಡೆ ಈ ಕಡೆ ನೋಡಿ, ಕಾಸು ಕೊಟ್ಟು, ತೊಡಿಸಿಕೊಂಡು ಹೊರಟಳು. ಹೋಗ್ತಾ ತನಗೇ ಹೇಳ್ಕೊಂಡ ಹಾಗೆ ಒಂದು ಮಾತು ಅಂದಳು: ‘ಬಾನುವಾರದ ವರ್ಗೂ ಆಕ್ಕಳ್ಲಿ ಬುಡು.’

ಈ ‘ಭಾನುವಾರದವರೆಗೂ’ ಅನ್ನೋ ಮಾತು ನನ್ನ ತಲೆಯಿಂದ ಹೋಗಲೇ ಇಲ್ಲ. ಆರು ದಿನ ಊರಿನ ಕಣ್ಣು, ಏಳನೇ ದಿನ ಸಭೆಯ ಕಣ್ಣು. ಎರಡರ ನಡುವೆ ಒಂದು ಮಗುವಿನ ಕೈ. ಇವತ್ತು ಆ ವಿಷಯಾನೇ ಮಾತಾಡೋಣ.

ಮೊದಲು ಒಂದು ತಪ್ಪು ತಿಳಿವಳಿಕೆ ಸರಿ ಮಾಡ್ಕೊಳ್ಳೋಣ. ‘ಕ್ರಿಶ್ಚಿಯನ್ನರು ಒಡವೆ ಹಾಕಲ್ಲ’ ಅಂತ ಸುಮಾರು ಜನ ಅಂದ್ಕೊಂಡಿದ್ದಾರೆ. ಅದು ಪೂರ್ತಿ ನಿಜ ಅಲ್ಲ. ಮಂಗಳೂರು ಕಡೆ ಕೊಂಕಣಿ ಕ್ಯಾಥೊಲಿಕ್ ಮದುವೆಗಳಲ್ಲಿ ಕೆಂಪು ‘ಸಾಡೊ’ ಸೀರೆ ಇದೆ, ಕರಿಮಣಿ ಇದೆ. ನಮ್ಮ ಮೈಸೂರು ಸೀಮೆಯ ಕ್ಯಾಥೊಲಿಕ್ ಮನೆಗಳಲ್ಲೂ ತಾಳಿ, ಹೂವು, ಬಳೆ ಸಾಮಾನ್ಯ. ಒಡವೆ ಬೇಡ ಅನ್ನೋದು ಮುಖ್ಯವಾಗಿ ಪೆಂಟೆಕೋಸ್ಟ್, ಬ್ರದರನ್ ಥರದ ಸಭೆಗಳಲ್ಲಿ. ಅಲ್ಲೂ ಎಲ್ಲಾ ಕಡೆ ಒಂದೇ ಅಳತೆ ಇಲ್ಲ. ಕೆಲವು ಕಡೆ ಬಿಳಿ ಬಟ್ಟೆ, ಒಂದು ಎಳೆ ಚಿನ್ನವೂ ಇಲ್ಲ, ಪ್ರಾರ್ಥನೆ ವೇಳೆ ತಲೆ ಮೇಲೆ ಸೆರಗು. ಕೆಲವು ಕಡೆ ಯಾರೂ ಏನೂ ಕೇಳಲ್ಲ.

ಈ ನಿಯಮ ಬಂದಿದ್ದು ಎಲ್ಲಿಂದ? ಬೈಬಲ್ಲಿನ ಹೊಸ ಒಡಂಬಡಿಕೆಯಲ್ಲಿ ಎರಡು ಜಾಗ ಇವೆ. ಪೌಲ ತಿಮೊಥೆಯನಿಗೆ ಬರೆದ ಮೊದಲ ಪತ್ರದ 2ನೇ ಅಧ್ಯಾಯ, ಪೇತ್ರನ ಮೊದಲ ಪತ್ರದ 3ನೇ ಅಧ್ಯಾಯ. ಎರಡರ ಸಾರ ಒಂದೇ: ಹೆಣ್ಣಿನ ಅಲಂಕಾರ ಜಡೆ, ಚಿನ್ನ, ಮುತ್ತು, ದುಬಾರಿ ಬಟ್ಟೆಯಲ್ಲಿ ಇರಬಾರದು, ನಡತೆಯಲ್ಲಿ, ಮನಸ್ಸಿನಲ್ಲಿ ಇರಬೇಕು. ತಲೆ ಮುಚ್ಚೋದಕ್ಕೆ ಕೊರಿಂಥದವರಿಗೆ ಬರೆದ ಮೊದಲ ಪತ್ರದ 11ನೇ ಅಧ್ಯಾಯ ಆಧಾರ. ಗಂಡು ಹೆಣ್ಣಿನ ಉಡುಪು, ಹೆಣ್ಣು ಗಂಡಿನ ಉಡುಪು ತೊಡಬಾರದು ಅನ್ನೋದಕ್ಕೆ ಹಳೆ ಒಡಂಬಡಿಕೆಯ ಧರ್ಮೋಪದೇಶಕಾಂಡ.

ಇವು ಬರೆದಿದ್ದು ರೋಮ್ ಸಾಮ್ರಾಜ್ಯದ ಕಾಲದಲ್ಲಿ. ಅಲ್ಲಿ ಶ್ರೀಮಂತರ ಮನೆ ಹೆಂಗಸರು ಜಡೆಗೆ ಚಿನ್ನ ಹೆಣೆದುಕೊಂಡು ಬಂದು ಕೂತರೆ, ಅದೇ ಸಭೆಯಲ್ಲಿ ಗುಲಾಮರೂ ಕೂತಿರ್ತಿದ್ರು. ‘ಇಲ್ಲಿ ನಿನ್ನ ದೌಲತ್ತು ತೋರಿಸಬೇಡ’ ಅನ್ನೋದು ಆ ಮಾತಿನ ಜೀವ. ಒಂದು ಸ್ವಾರಸ್ಯ ಗಮನಿಸಿ. ಪೇತ್ರನ ಪತ್ರದ ಅದೇ ವಾಕ್ಯದಲ್ಲಿ ಚಿನ್ನದ ಜೊತೆಗೆ ಬಟ್ಟೆ ತೊಡೋ ಮಾತೂ ಸೇರಿದೆ. ಅಕ್ಷರಕ್ಕೆ ಅಕ್ಷರ ಪಾಲಿಸ್ತೀನಿ ಅಂತ ಹೊರಟರೆ ಬಟ್ಟೆಯನ್ನೂ ಬಿಡಬೇಕಾಗುತ್ತೆ! ಅಂದ್ರೆ ಎಲ್ಲರೂ ಅಲ್ಲಿ ಒಂದು ಅರ್ಥ ಆರಿಸಿಕೊಳ್ಳಲೇಬೇಕು. ಜಗಳ ಇರೋದು ಆ ಆಯ್ಕೆಯಲ್ಲಿ.

ಹದಿನೆಂಟನೇ ಶತಮಾನದ ಇಂಗ್ಲೆಂಡಿನಲ್ಲಿ ಮೆಥಡಿಸ್ಟ್ ಪಂಥದ ಜಾನ್ ವೆಸ್ಲಿ ಸರಳ ಉಡುಪಿನ ಬಗ್ಗೆ ತನ್ನವರಿಗೆ ಬುದ್ಧಿ ಹೇಳಿದ. ಅದು ಅಮೆರಿಕಕ್ಕೆ ಹೋಯ್ತು. 1906ರಲ್ಲಿ ಲಾಸ್ ಏಂಜಲೀಸ್‌ನ ಅಜೂಸಾ ಬೀದಿಯಲ್ಲಿ ಪೆಂಟೆಕೋಸ್ಟ್ ಚಳವಳಿ ಭುಗಿಲೆದ್ದಾಗ ಈ ಸರಳತೆ ಅದರ ಜೊತೆಗೇ ಪ್ರಯಾಣ ಮಾಡ್ತು. 1920ರ ದಶಕದಲ್ಲಿ ಕೇರಳದಲ್ಲಿ, ಕೊಲಂಬೋದಲ್ಲಿ ಸ್ಥಳೀಯರೇ ಕಟ್ಟಿದ ಪೆಂಟೆಕೋಸ್ಟ್ ಸಭೆಗಳು ಹುಟ್ಟಿದವು. ಮನೆಯಲ್ಲಿ ಚಿನ್ನ ಇದ್ದ ಸಿರಿಯನ್ ಕ್ರಿಶ್ಚಿಯನ್ ಹೆಂಗಸರೂ ಒಡವೆ ಕಳಚಿಟ್ಟು ಬಂದರು. ಜಾತಿ, ಅಂತಸ್ತು ಬಿಟ್ಟು ಬಂದೆ ಅನ್ನೋದಕ್ಕೆ ಅದು ಗುರುತು. ಇದನ್ನ ನಾವು ಹಗುರವಾಗಿ ನೋಡಬಾರದು. ಚಿನ್ನ ಇದ್ದವಳೂ ಇಲ್ಲದವಳೂ ಒಂದೇ ಚಾಪೆ ಮೇಲೆ ಒಂದೇ ಥರ ಕೂತರೆ, ಇಲ್ಲದವಳಿಗೆ ಅದು ಸಣ್ಣ ಬಿಡುಗಡೆ ಅಲ್ಲ.

ಆದ್ರೆ ನಮ್ಮ ಊರಲ್ಲಿ ಈ ನಿಯಮಕ್ಕೆ ಇನ್ನೊಂದು ಅರ್ಥ ಅಂಟಿಕೊಳ್ಳುತ್ತೆ. ಅಮೆರಿಕದಲ್ಲಿ ಒಬ್ಬಳು ಓಲೆ ಬಿಚ್ಚಿಟ್ಟರೆ ಜನ ‘ಸರಳ ಹೆಂಗಸು’ ಅಂತಾರೆ. ನರಸೀಪುರ, ನಂಜನಗೂಡಿನ ಹಳ್ಳಿಯಲ್ಲಿ ಬಿಚ್ಚಿಟ್ಟರೆ ‘ಗಂಡ ಸತ್ತೋನು’ ಅಂತಾರೆ. ಬಳೆ ಅಂಗಡಿ ಅಜ್ಜಿ ಕೆಟ್ಟವಳಲ್ಲ. ಆಕೆ ಕಲಿತಿದ್ದೇ ಹಾಗೆ: ಬರಿ ಹಣೆ, ಬರಿಗೈ, ಬರಿಗೊರಳು ಅಂದ್ರೆ ವಿಧವೆ. ಮದುವೆ ಮನೆಯಲ್ಲಿ ಆರತಿಗೆ ಕರೆಯಲ್ಲ, ಬಸಿರಿಗೆ ಮಡಿಲು ತುಂಬೋಕೆ ಕರೆಯಲ್ಲ. ಸಮಾನತೆಗೆ ಅಂತ ಮಾಡಿದ ನಿಯಮ ಇಲ್ಲಿಗೆ ಬಂದು, ಗಂಡ ಬದುಕಿರೋ ಹೆಣ್ಣನ್ನೂ ವಿಧವೆಯರ ಸಾಲಲ್ಲಿ ನಿಲ್ಲಿಸ್ತು. ತಪ್ಪು ನಿಯಮದ್ದೋ? ವಿಧವೆಯನ್ನ ಮೂಲೆಗೆ ತಳ್ಳಿದ ನಮ್ಮ ಸಂಪ್ರದಾಯದ್ದೋ? ಈ ಪ್ರಶ್ನೆಗೆ ಉತ್ತರ ಹೇಳೋ ಮುಂಚೆ ನಾವು ನಮ್ಮ ಮನೆಯ ಅಜ್ಜಿಯನ್ನ ಒಂದು ಸಲ ನೆನೆಸಿಕೊಳ್ಳಬೇಕು.

ಇನ್ನೊಂದು ಲೆಕ್ಕ ಇದೆ, ಅದು ದುಡ್ಡಿನದು. ಹಳ್ಳಿ ಹೆಣ್ಣಿಗೆ ಒಡವೆ ಬರೀ ಅಲಂಕಾರ ಅಲ್ಲ, ಅದೇ ಆಕೆಯ ಬ್ಯಾಂಕು. ಮಗನಿಗೆ ಜ್ವರ ಬಂದ್ರೆ, ಬೋರ್‌ವೆಲ್ ಕೆಟ್ಟರೆ ಅಡ ಇಡೋದು ಅದನ್ನೇ. ಜಮೀನು ಗಂಡನ ಹೆಸರಲ್ಲಿ, ಮನೆ ಮಾವನ ಹೆಸರಲ್ಲಿ, ಆಕೆಯದು ಅಂತ ಇರೋದು ಆ ಎರಡೆಳೆ ಸರ ಮಾತ್ರ. ಅದನ್ನ ಬಿಟ್ಟಾಗ ಆ ದುಡ್ಡು ಯಾರ ಕೈಗೆ ಹೋಯ್ತು? ಆಕೆಯ ಹೆಸರಲ್ಲಿ ಪಾಸ್‌ಬುಕ್ ಆದ್ರೆ ಸಂತೋಷ. ಬೇರೆ ಯಾರದೋ ಜೇಬಿಗೆ ಹೋದ್ರೆ ಅದನ್ನ ವೈರಾಗ್ಯ ಅನ್ನೋಕೆ ಆಗಲ್ಲ.

ಇನ್ನು ಇತಿಹಾಸ. ಹೊರಗಿನ ವೇಷದ ಜಗಳ ನಮ್ಮ ನೆಲದಲ್ಲಿ ಹೊಸದೇನಲ್ಲ. 1606ರಲ್ಲಿ ಮಧುರೆಗೆ ಬಂದ ಇಟಲಿಯ ಪಾದ್ರಿ ರಾಬರ್ಟೊ ಡಿ ನೊಬಿಲಿ ಕಾವಿ ಉಟ್ಟ, ಜುಟ್ಟು ಬಿಟ್ಟ, ಜನಿವಾರ ಹಾಕಿದ. ಅವನ ಚರ್ಚಿನವರೇ ಅವನ ಮೇಲೆ ದೂರು ಕೊಟ್ಟರು. 1623ರಲ್ಲಿ ಪೋಪ್ ಷರತ್ತಿನ ಮೇಲೆ ಒಪ್ಪಿಗೆ ಕೊಡಬೇಕಾಯ್ತು. 1704ರಲ್ಲಿ ಪೋಪ್ ಪ್ರತಿನಿಧಿ ಟೂರ್ನನ್ ಹೊರಡಿಸಿದ ಆದೇಶದಲ್ಲಿ ತಾಳಿಯ ಮಾತೂ ಇತ್ತು: ಪಿಳ್ಳೆಯಾರ್ ಗುರುತಿನ ತಾಳಿ ಬೇಡ, ಶಿಲುಬೆ ಇರಲಿ. 1736ರಲ್ಲಿ ಗೋವಾದ ಧರ್ಮವಿಚಾರಣಾ ಮಂಡಳಿ ಗಂಡಸರು ಧೋತ್ರ ಉಡಬಾರದು, ಹೆಂಗಸರು ಚೋಲಿ ತೊಡಬಾರದು ಅಂತ ಕಟ್ಟಪ್ಪಣೆ ಮಾಡ್ತು. ಒಂದು ಕಡೆ ಪಾದ್ರಿಯೇ ಕಾವಿ ಉಟ್ಟ, ಇನ್ನೊಂದು ಕಡೆ ಭಕ್ತನ ಧೋತ್ರಕ್ಕೂ ಶಿಕ್ಷೆ!

ನಮ್ಮ ಶ್ರೀರಂಗಪಟ್ಟಣದ ಕಥೆ ಕೇಳಿ. 1799ರಲ್ಲಿ ಟಿಪ್ಪು ಮಡಿದ ಮೇಲೆ ಫ್ರಾನ್ಸಿನ ಪಾದ್ರಿ ಅಬ್ಬೆ ದುಬಾಯ್ ಇಲ್ಲಿಗೆ ಬಂದ. ನಮ್ಮವರ ಹಾಗೆ ನಿಲುವಂಗಿ, ಪೇಟ, ನಮ್ಮವರ ಊಟ. ಜನ ‘ದೊಡ್ಡಸ್ವಾಮಿ’ ಅಂತ ಕರೆದರು. ಸಿಡುಬಿಗೆ ಲಸಿಕೆ ಹಾಕಿಸೋಕೆ ಊರೂರು ಓಡಾಡಿದ. ಪೇಟ ಸುತ್ತಿದವನನ್ನ ಹತ್ತಿರ ಬಿಟ್ಟುಕೊಂಡ ನಮ್ಮ ಜನ, ಕೋಟು ಹಾಕಿ ಬಂದಿದ್ದರೆ ಬಿಡ್ತಿದ್ರಾ? ವೇಷದ ಶಕ್ತಿ ಅದು.

ಇನ್ನೊಂದು ಮರೀಬಾರದು. ದಕ್ಷಿಣ ತಿರುವಾಂಕೂರಿನಲ್ಲಿ, ಅಂದ್ರೆ ಈಗಿನ ಕನ್ಯಾಕುಮಾರಿ ಕಡೆ, ನಾಡಾರ್ ಹೆಂಗಸರು ಎದೆ ಮುಚ್ಚಿಕೊಳ್ಳೋಕೇ ಹೋರಾಡಬೇಕಾಯ್ತು. ಮತಾಂತರವಾದವರು ರವಿಕೆ ತೊಟ್ಟರೆ ಬೀದಿಯಲ್ಲಿ ಹರಿದರು. ಕೊನೆಗೆ 1859ರ ಜುಲೈ 26ರಂದು ಮಹಾರಾಜರ ಘೋಷಣೆ ಬಂತು: ಮುಚ್ಚಿಕೊಳ್ಳಿ, ಆದ್ರೆ ಮೇಲುಜಾತಿಯವರ ಥರ ಅಲ್ಲ. ಅವತ್ತು ಚರ್ಚಿನ ಉಡುಪಿನ ನಿಯಮ ಹೆಣ್ಣಿಗೆ ಮಾನ ಕೊಟ್ಟಿತ್ತು. ಹಾಗಾಗಿ ‘ಡ್ರೆಸ್ ಕೋಡ್ ಅಂದ್ರೇನೇ ಕೆಟ್ಟದ್ದು’ ಅಂತ ನಾನು ಹೇಳಲ್ಲ. ಯಾರು ಹೇಳಿದ್ದು, ಯಾರಿಗೆ ಹೇಳಿದ್ದು, ‘ಆಗಲ್ಲ’ ಅಂದ್ರೆ ಏನಾಗುತ್ತೆ, ಇದನ್ನ ಕೇಳಬೇಕು.

ನಿಯಮ ಬದಲಾಗೋದೇ ಇಲ್ಲ ಅನ್ನೋರಿಗೂ ಒಂದು ಮಾತು. ಕ್ಯಾಥೊಲಿಕ್ ಚರ್ಚಿನ 1917ರ ಕಾನೂನಿನಲ್ಲಿ ಹೆಂಗಸರು ತಲೆ ಮುಚ್ಚಿ ಬರಬೇಕು ಅಂತ ಬರೆದಿತ್ತು. 1983ರ ಹೊಸ ಕಾನೂನಿನಲ್ಲಿ ಆ ಸಾಲೇ ಇಲ್ಲ. ಚರ್ಚು ಬಿದ್ದುಹೋಗಲಿಲ್ಲ.

ಈಗ ಸರ್ಕಾರದ ಕಣ್ಣಿಗೆ ಬನ್ನಿ. 1950ರ ಆದೇಶದ ಪ್ರಕಾರ ಹಿಂದೂ, ಸಿಖ್, ಬೌದ್ಧರನ್ನ ಬಿಟ್ಟು ಬೇರೆ ಧರ್ಮದವರಿಗೆ ಪರಿಶಿಷ್ಟ ಜಾತಿಯ ಸ್ಥಾನ ಇಲ್ಲ. ಹಾಗಾಗಿ ದಲಿತ ಹೆಣ್ಣುಮಗಳ ಬರಿಗೊರಳು, ಗೋಡೆ ಮೇಲಿನ ಶಿಲುಬೆ ‘ಸಾಕ್ಷಿ’ ಆಗಿಬಿಡುತ್ತೆ. ತಮಿಳುನಾಡಿನ ಒಬ್ಬ ವೈದ್ಯೆಯ ಜಾತಿ ಪ್ರಮಾಣಪತ್ರವನ್ನ, ಕ್ಲಿನಿಕ್ಕಿನಲ್ಲಿ ಶಿಲುಬೆ ಇತ್ತು ಅಂತ ರದ್ದು ಮಾಡಿದ್ರು. 2021ರಲ್ಲಿ ಮದ್ರಾಸ್ ಹೈಕೋರ್ಟ್ ಅದನ್ನ ಒಪ್ಪಲಿಲ್ಲ. ಆದ್ರೆ 2024ರ ನವೆಂಬರ್‌ನಲ್ಲಿ ಪುದುಚೇರಿಯ ಇನ್ನೊಂದು ಪ್ರಕರಣದಲ್ಲಿ, ಕ್ರೈಸ್ತ ಧರ್ಮ ಪಾಲಿಸ್ತಾ ಮೀಸಲಾತಿಗೋಸ್ಕರ ಹಿಂದೂ ಅನ್ನೋಕೆ ಆಗಲ್ಲ ಅಂತ ಸುಪ್ರೀಂ ಕೋರ್ಟ್ ಹೇಳ್ತು. ಹೊರಗಿನ ಗುರುತು ಎಷ್ಟು ಭಾರ ಹೊರುತ್ತೆ ನೋಡಿ.

ಇದು ಒಂದು ಧರ್ಮದ ಕಥೆ ಅಂತ ಸಮಾಧಾನ ಪಟ್ಕೋಬೇಡಿ. 2022ರಲ್ಲಿ ಹಿಜಾಬ್ ವಿಷಯಕ್ಕೆ ನಮ್ಮ ಕಾಲೇಜುಗಳ ಗೇಟು ಮುಚ್ಚಿದವು. ಮಾರ್ಚ್ 15ಕ್ಕೆ ನಮ್ಮ ಹೈಕೋರ್ಟ್ ತೀರ್ಪು ಬಂತು, ಅಕ್ಟೋಬರ್ 13ಕ್ಕೆ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳೇ ಎರಡು ದಾರಿ ಹಿಡಿದರು. 2025ರ ಏಪ್ರಿಲ್‌ನಲ್ಲಿ ಸಿಇಟಿ ಪರೀಕ್ಷೆಗೆ ಬಂದ ಹುಡುಗರಿಗೆ ‘ಜನಿವಾರ ತೆಗಿ’ ಅಂದಾಗ ಶಿವಮೊಗ್ಗ, ಬೀದರ್‌ನಿಂದ ರಾಜ್ಯವೇ ಸಿಟ್ಟಾಯ್ತು. ಸಿಟ್ಟು ನ್ಯಾಯವೇ. ಆದ್ರೆ ನಮ್ಮ ದಾರ ಮುಟ್ಟಿದಾಗ ಬರೋ ಸಿಟ್ಟು, ಪಕ್ಕದವರ ಬಟ್ಟೆ ಎಳೆದಾಗಲೂ ಬರಬೇಕಲ್ವಾ?

ನನ್ನ ಅಭಿಪ್ರಾಯ ಹೇಳಿಬಿಡ್ತೀನಿ. ದೊಡ್ಡ ಹೆಣ್ಣುಮಗಳು ತಾನೇ ಯೋಚಿಸಿ ಓಲೆ ಬಿಚ್ಚಿಟ್ಟರೆ ಅದು ಅವಳ ಭಕ್ತಿ. ಊರು ಅದನ್ನ ಪ್ರಶ್ನೆ ಮಾಡಬಾರದು. ನಾಳೆ ಅವಳೇ ಮತ್ತೆ ತೊಟ್ಟುಕೊಂಡರೆ ಅದೂ ಅವಳ ಇಷ್ಟ. ಸಭೆ ಅವಳನ್ನ ಹಿಂದಿನ ಸಾಲಿಗೆ ತಳ್ಳಬಾರದು. ಒಳಗೆ ಬರೋ ಬಾಗಿಲಷ್ಟೇ ಅಗಲ ಹೊರಗೆ ಹೋಗೋ ಬಾಗಿಲೂ ಇದ್ದರೆ ಅದು ವ್ರತ. ಇಲ್ಲ ಅಂದ್ರೆ ಅದು ಕಟ್ಟು. ಗಂಡಸರಿಗೆ ಒಂದು ಬಿಳಿ ಅಂಗಿಯಲ್ಲಿ ಮುಗಿಯೋ ನಿಯಮ, ಹೆಂಗಸರಿಗೆ ಮಾತ್ರ ಹಣೆಯಿಂದ ಕಾಲ್ಬೆರಳಿನವರೆಗೂ ಯಾಕೆ ಅಂತಾನೂ ಕೇಳಬೇಕು. ಇದನ್ನ ಎಲ್ಲಾ ಧರ್ಮದ ಹಿರಿಯರಿಗೂ ಕೇಳ್ತಿದ್ದೀನಿ.

ಮುಡುಕುತೊರೆಯ ದೇವರ ಹೆಸರು ಮಲ್ಲಿಕಾರ್ಜುನ. ಅದೇ ಹೆಸರಿನ ದೇವರನ್ನ ಗಂಡ ಅಂತ ನಂಬಿ, ಅರಮನೆ, ಒಡವೆ, ಬಟ್ಟೆ ಎಲ್ಲಾ ಬಿಟ್ಟು ಕೂದಲು ಹೊದ್ದು ನಡೆದವಳು ನಮ್ಮ ಅಕ್ಕ ಮಹಾದೇವಿ. ಎಂಟುನೂರು ವರ್ಷದಿಂದ ಅವಳಿಗೆ ಕೈ ಮುಗೀತಿದ್ದೀವಿ. ಆದ್ರೆ ಅವಳ ದೇವರ ಜಾತ್ರೆಯಲ್ಲೇ, ಓಲೆ ಇಲ್ಲದ ಹೆಣ್ಣನ್ನ ಕಂಡರೆ ‘ಯಾವಾಗ ಓದ್ರು’ ಅಂತ ಕೇಳ್ತೀವಿ!

ಸುಳಿ ನೋಡಿ ಬೆಲೆ ಕಟ್ಟೋದು ಜಾತ್ರೆಗೆ ಬಂದ ಹೋರಿಗೆ. ಬಳೆ ತೊಡಿಸೋಕೆ ಬಂದ ತಾಯಿಗಲ್ಲ. ಆ ಮಗುವಿಗೆ ಈಗ ಹದಿಹರೆಯ ಇರಬೇಕು. ಅವಳ ಕೈಯಲ್ಲಿ ಬಳೆ ಇದೆಯೋ ಇಲ್ಲವೋ ನಂಗೆ ಬೇಕಿಲ್ಲ. ಅದನ್ನ ಅವಳೇ ತೀರ್ಮಾನ ಮಾಡಿರಲಿ, ಅಷ್ಟೇ.