ಕಾರಾಪುರದ ಬಾಲಕನೂ ಛಾಯಾಗ್ರಾಹಕರೂ

ಹೆಗ್ಗಡದೇವನಕೋಟೆಯ ಸೀಮೆಯಲ್ಲಿ, ಕಪಿಲೆಯ ತೀರದ ಕಾರಾಪುರಕ್ಕೆ ಇಂದು ದೇಶವಿದೇಶಗಳಿಂದ ಛಾಯಾಗ್ರಾಹಕರು ಬರುತ್ತಾರೆ. ಸೊಗಸಾದ ವಸತಿಗೃಹಗಳಲ್ಲಿ ಇಳಿದು, ಹಿನ್ನೀರಿನ ದಡದ ಆನೆಗಳನ್ನೂ ಹುಲಿಗಳನ್ನೂ ಚಿತ್ರದಲ್ಲಿ ಹಿಡಿದು ಹಿಂದಿರುಗುತ್ತಾರೆ. ಆದರೆ ಹಿಂದೊಮ್ಮೆ ಕ್ಯಾಮರಾವು ಇದೇ ಊರಿನ ಬಾಲಕನೊಬ್ಬನನ್ನು ಲೋಕಕ್ಕೆ ತೋರಿಸಿಕೊಟ್ಟಿತು. ಆ ವೃತ್ತಾಂತವನ್ನು ವಾಚಕರ ನೆನಪಿಗೆ ತರಬೇಕೆಂದು ನಮಗೆ ತೋರಿತು.

1935ರಲ್ಲಿ ಅಮೆರಿಕದ ರಾಬರ್ಟ್ ಫ್ಲಾಹರ್ಟಿಯವರು ಚಲನಚಿತ್ರವೊಂದನ್ನು ತೆಗೆಯುವುದಕ್ಕಾಗಿ ಪತ್ನಿ ಫ್ರಾನ್ಸಿಸ್ ಅವರೊಡನೆ ಮೈಸೂರಿಗೆ ಬಂದರು. ಇಬ್ಬರಿಗೂ ಐವತ್ತು ಮೀರಿದ್ದಿತು. ಹಿಮದ ನಾಡಿನ ‘ನಾನೂಕ್’ (1922), ಐರ್ಲೆಂಡಿನ ಕಡಲ ನಡುವಣ ದ್ವೀಪದ ‘ಮ್ಯಾನ್ ಆಫ್ ಆರನ್’ (1934) ಮುಂತಾದ ಚಿತ್ರಗಳಲ್ಲಿ ಬಡಜನರ ಬಾಳನ್ನು ಚಿತ್ರಿಸಿ ಹೆಸರಾದವರು ಅವರು. ಮೈಸೂರಿನಲ್ಲಾದರೋ ಅರಮನೆಯ ವೈಭವವೇ ಎದುರಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರವರು ಅವರಿಗೆ ಚಿತ್ತರಂಜನ ಮಹಲನ್ನು ಬಿಟ್ಟುಕೊಟ್ಟು, ಆನೆಗಳನ್ನೂ ಒದಗಿಸಿದರು.

ಕಿಪ್ಲಿಂಗರ ಕಥೆಯ ತೂಮಾಯಿ ಎಂಬ ಬಾಲಕನ ಪಾತ್ರಕ್ಕೆ ಹುಡುಗನೊಬ್ಬನು ಬೇಕಾಗಿದ್ದನು. ಅರಮನೆಯ ಆನೆಲಾಯದಲ್ಲಿ ಛಾಯಾಗ್ರಾಹಕ ಆಸ್ಮಂಡ್ ಬೊರಡೇಲರ ಕಣ್ಣಿಗೆ ಸಾಬು ಬಿದ್ದನು. 1924ರಲ್ಲಿ ಕಾರಾಪುರದಲ್ಲಿ ಹುಟ್ಟಿದ ಈತನು ತಂದೆಯನ್ನು ಕಳೆದುಕೊಂಡಿದ್ದ ಮಾವುತನ ಮಗ. ಅವನಿಗೆ ನಟನೆಯನ್ನು ಯಾರೂ ಕಲಿಸಿರಲಿಲ್ಲ. ಆನೆಯೊಡನೆ ಬೆಳೆದ ಸಲುಗೆಯೇ ಅವನ ವಿದ್ಯೆ.

‘ಎಲಿಫೆಂಟ್ ಬಾಯ್’ 1937ರಲ್ಲಿ ತೆರೆಗೆ ಬಂದಿತು. ಅದರ ಕೆಲವು ಭಾಗಗಳನ್ನು ಇಂಗ್ಲೆಂಡಿನ ಸ್ಟುಡಿಯೋದಲ್ಲಿ ಝೋಲ್ಟನ್ ಕೋರ್ಡಾ ತೆಗೆದರು. ವೆನಿಸ್ ಉತ್ಸವದ ಪ್ರಶಸ್ತಿ ಇಬ್ಬರು ನಿರ್ದೇಶಕರಿಗೂ ಸಂದಿತು. ಸ್ವತಃ ಛಾಯಾಗ್ರಾಹಕಿಯಾಗಿದ್ದ ಫ್ರಾನ್ಸಿಸ್ ಅವರು ಮೈಸೂರಿನಲ್ಲಿ ಕಂಡುದನ್ನು ಅದೇ ವರ್ಷ ‘ಎಲಿಫೆಂಟ್ ಡಾನ್ಸ್’ ಎಂಬ ಪುಸ್ತಕವಾಗಿ ಹೊರತಂದರು. ಆದರೆ ಜನರ ಮನಸ್ಸಿನಲ್ಲಿ ನಿಂತದ್ದು ಆನೆಯ ಮೇಲೆ ಕುಳಿತ ಆ ಹುಡುಗನ ನಗುಮುಖವೇ.

ಆ ಕೀರ್ತಿಗೆ ಬೆಲೆಯೂ ಇದ್ದಿತು. ಬಾಲಕನು ಕಡಲು ದಾಟಿ, ಹಾಲಿವುಡ್ಡಿನ ತಾರೆಯಾಗಿ, 1944ರಲ್ಲಿ ಅಮೆರಿಕದ ಪ್ರಜೆಯಾದನು; ಮಹಾಯುದ್ಧದಲ್ಲಿ ಆ ದೇಶದ ವಿಮಾನದಳದಲ್ಲಿ ಹೋರಾಡಿ ಪದಕವನ್ನು ಪಡೆದನು. 1963ರಲ್ಲಿ, ತನ್ನ 39ನೆಯ ವಯಸ್ಸಿನಲ್ಲಿ, ಹುಟ್ಟಿದ ನೆಲದಿಂದ ಬಹುದೂರದಲ್ಲಿ ಹೃದಯಾಘಾತದಿಂದ ತೀರಿಕೊಂಡನು. ಇತ್ತ ಕಾಕನಕೋಟೆಯ ಕೊನೆಯ ಖೆಡ್ಡಾ 1971ರಲ್ಲಿ ನಡೆಯಿತು. ಕೆಲವೇ ವರ್ಷಗಳಲ್ಲಿ ಆ ಖೆಡ್ಡಾದ ನೆಲವೂ ಕಪಿಲೆಯ ಅಣೆಕಟ್ಟಿನ ನೀರಿನಲ್ಲಿ ಮುಳುಗಿತು. ಹೋದುದೆಲ್ಲವೂ ಚಿತ್ರದಲ್ಲಿ ಮಾತ್ರವೇ ಉಳಿದಿದೆ.

ಚಿತ್ರವನ್ನು ತೆಗೆದವರ ಹೆಸರು ಪುಸ್ತಕಗಳಲ್ಲಿ ಉಳಿಯುವುದು. ಸಾಬುವಿನ ಹೆಸರೇನೋ ಉಳಿಯಿತು. ಅವನ ಸುತ್ತ ನಿಂತ ಮಾವುತರು, ಕಾವಾಡಿಗಳು ಯಾರೆಂದು ಇಂದು ಹೇಳಬಲ್ಲವರು ಎಷ್ಟು ಮಂದಿ? ನಮ್ಮ ಮನೆಯ ಗೋಡೆಯಲ್ಲಿ ತೂಗುವ ಹಳೆಯ ಚಿತ್ರಗಳ ಹಿಂದೆಯೂ, ಬಲ್ಲ ಹಿರಿಯರು ಇರುವಾಗಲೇ, ಹೆಸರುಗಳನ್ನು ಬರೆದಿಡುವುದು ಲೇಸು.