ಕ್ಯಾಮೆರಾಗೆ ಸಿಕ್ಕಿದ್ದು, ಸಿಗದೇ ಉಳಿದದ್ದು: ಸಂಜಯ್ ಗುಬ್ಬಿ ಅವರ ವನ್ಯಜೀವಿ ಬದುಕು

ತುಮಕೂರು ಮೂಲದ ಸಂಜಯ್ ಗುಬ್ಬಿ ಎರಡು ದಶಕಗಳಿಗೂ ಹೆಚ್ಚು ಕಾಲದಿಂದ ಹುಲಿ, ಚಿರತೆಗಳ ಅಧ್ಯಯನ ಮತ್ತು ಸಂರಕ್ಷಣೆಯಲ್ಲಿ ತೊಡಗಿರುವ ಜೀವವಿಜ್ಞಾನಿ. ಅವರ ಮುಖ ಲೋಕಕ್ಕೆ ಪರಿಚಯವಾದದ್ದು ಟಿವಿಯಿಂದ, ಅದೂ ಯಾರೂ ಬಯಸದ ರೀತಿಯಲ್ಲಿ. 2016ರ ಫೆಬ್ರುವರಿ 7ರಂದು ಬೆಂಗಳೂರಿನ ಪೂರ್ವ ಅಂಚಿನ ಶಾಲೆಯೊಂದರಲ್ಲಿ ಚಿರತೆ ಅವರ ಮೇಲೆ ಎರಗಿತು. ಕೆಲವೇ ಸೆಕೆಂಡುಗಳ ಆ ದೃಶ್ಯವನ್ನು ದೇಶ ವಿದೇಶಗಳ ವಾಹಿನಿಗಳು ಮತ್ತೆ ಮತ್ತೆ ಬಿತ್ತರಿಸಿದವು. ಅವರ ವೃತ್ತಿಯ ತೂಕದ ಭಾಗ ಮಾತ್ರ ಟಿವಿಗೆ ಒಗ್ಗುವಂಥದ್ದಲ್ಲ. ಅದು ಅರಣ್ಯ ನಕ್ಷೆಗಳಲ್ಲಿ, ಗೆಜೆಟ್ ಅಧಿಸೂಚನೆಗಳಲ್ಲಿ, ರಸ್ತೆ ಸಂಚಾರದ ಅಂಕಿಅಂಶಗಳಲ್ಲಿ, ಹಳ್ಳಿಗಳ ಅಡುಗೆಮನೆಗಳಲ್ಲಿ ಹರಡಿಕೊಂಡಿದೆ.

ಅವರ ಹೆಸರಿನ ಜೊತೆಗಿರುವ ಗುಬ್ಬಿ ತುಮಕೂರು ಜಿಲ್ಲೆಯ ತಾಲ್ಲೂಕು ಕೇಂದ್ರ. ನಾಡಿಗೆ ಅದು ವೀರಣ್ಣನವರ ನಾಟಕ ಕಂಪನಿಯ ಊರು, ನೆರೆಯ ಕುಣಿಗಲ್ ಕುದುರೆ ಫಾರ್ಮಿನ ಊರು. ವನ್ಯಜೀವಿ ಅಂದಾಗ ಈ ಎರಡೂ ಹೆಸರುಗಳು ಯಾರ ಬಾಯಿಗೂ ಬರುವುದಿಲ್ಲ. ಬಂಡೀಪುರ, ನಾಗರಹೊಳೆಗಳ ಹಸಿರು ಇಲ್ಲಿಲ್ಲ. ತೆಂಗು, ಅಡಿಕೆ ತೋಟಗಳು, ರಾಗಿ ಹೊಲಗಳು, ನೀರು ಬತ್ತಿದ ಕೆರೆಯಂಗಳದ ಜಾಲಿ ಪೊದೆಗಳು, ಇವುಗಳ ನಡುವೆ ಥಟ್ಟನೆ ಎದ್ದು ನಿಲ್ಲುವ ಬಂಡೆಗುಡ್ಡಗಳು. ತುಮಕೂರಿನ ಪಕ್ಕದ ದೇವರಾಯನದುರ್ಗದಿಂದ ಕುಣಿಗಲ್ ಕಡೆಯ ಹುತ್ರಿದುರ್ಗ, ಹುಲಿಯೂರುದುರ್ಗಗಳವರೆಗೆ ಇದೇ ನೋಟ. ಹಗಲು ಬಂಡೆಯ ಪೊಟರೆಯಲ್ಲಿ ಮಲಗಿ, ಕತ್ತಲಾದ ಮೇಲೆ ತೋಟದ ಬೇಲಿ ಹಾಯುವ ಚಿರತೆಗೆ ಈ ನೆಲ ಹೇಳಿ ಮಾಡಿಸಿದಂತಿದೆ. ಕಾಡು ಎಂದರೆ ದಟ್ಟ ಮರಗಳು ಎಂಬ ರೂಢಿಯ ಕಲ್ಪನೆ ಇಲ್ಲಿ ಕೆಲಸಕ್ಕೆ ಬಾರದು.

ವನ್ಯಜೀವಿ ಆಸಕ್ತಿ ಈ ಜಿಲ್ಲೆಗೆ ಹೊಸದೂ ಅಲ್ಲ. ತುಮಕೂರಿನ ವೈಲ್ಡ್‌ಲೈಫ್ ಅವೇರ್ ನೇಚರ್ ಕ್ಲಬ್ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಕೃಷ್ಣಮೃಗಗಳ ಪರವಾಗಿ ವರ್ಷಗಟ್ಟಲೆ ದನಿ ಎತ್ತಿತು. 2007ರಲ್ಲಿ ಆ ಹುಲ್ಲುಗಾವಲು ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಎಂದು ಘೋಷಣೆಯಾಯಿತು. ಎಂಟುನೂರು ಎಕರೆಯೂ ತುಂಬದ ತುಂಡು ನೆಲ ಅದು. ಆದರೂ ಸಣ್ಣ ಊರಿನ ಹವ್ಯಾಸಿಗಳ ಹಟ ಸರ್ಕಾರದ ಕಾಗದದವರೆಗೂ ಹೋಗಬಲ್ಲದು ಎಂಬುದಕ್ಕೆ ಜಿಲ್ಲೆಯಲ್ಲೇ ಒಂದು ನಿದರ್ಶನ ದೊರೆತಂತಾಯಿತು.

ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿದ ಸಂಜಯ್ ಆ ದಾರಿ ಬಿಟ್ಟು ಕಾಡಿನ ಕಡೆ ತಿರುಗಿದರು. ಉಲ್ಲಾಸ ಕಾರಂತರ ನೇತೃತ್ವದಲ್ಲಿ ಭಾರತದಲ್ಲಿ ನೆಲೆಯೂರಿದ್ದ ವೈಲ್ಡ್‌ಲೈಫ್ ಕನ್ಸರ್ವೇಶನ್ ಸೊಸೈಟಿಯಲ್ಲಿ ಕೆಲಸ ಮಾಡಿದರು. ಇಂಗ್ಲೆಂಡಿನ ಕೆಂಟ್ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿ ಪಡೆದರು. 2006ರ ಅವರ ಪ್ರಬಂಧದ ವಿಷಯ ಕೇರಳದ ಪೆರಿಯಾರ್ ಹುಲಿ ಮೀಸಲು. ಕಾಡಂಚಿನ ಜನರಿಗೆ ಅಭಿವೃದ್ಧಿಯ ನೆರವು ನೀಡಿದರೆ ಕಾಡಿನ ಮೇಲಿನ ಅವರ ಅವಲಂಬನೆ ನಿಜಕ್ಕೂ ತಗ್ಗುತ್ತದೆಯೇ ಎಂಬ ಪ್ರಶ್ನೆಯನ್ನು ಅದು ಕೆದಕಿತು. ಪ್ರಾಣಿಯ ಬೆನ್ನು ಹತ್ತುವುದಕ್ಕೆ ಮೊದಲೇ ಪ್ರಾಣಿಯ ಸುತ್ತಲಿನ ಮನುಷ್ಯರ ಲೆಕ್ಕಾಚಾರ ಅವರ ಗಮನ ಸೆಳೆದಿತ್ತು ಎಂಬುದು ಮುಂದಿನ ಕೆಲಸಗಳನ್ನು ಅರಿಯಲು ನೆರವಾಗುತ್ತದೆ. ಬಳಿಕ ಅವರು ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸೇರಿದರು. ಚಿರತೆ ಕುರಿತ ಸಂಶೋಧನೆಗೆ ಕುವೆಂಪು ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು.

ಕಾಡು ಸೀಳುವ ಹೆದ್ದಾರಿಗಳು ಅವರ ಆರಂಭದ ವಿಷಯಗಳಲ್ಲಿ ಒಂದು. 2009ರಲ್ಲಿ ಬಂಡೀಪುರದ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ನಿಂತಾಗ ಕರ್ನಾಟಕ ಮತ್ತು ಕೇರಳದ ನಡುವೆ ಎದ್ದ ಜಟಾಪಟಿ ಇನ್ನೂ ತಣ್ಣಗಾಗಿಲ್ಲ. ಇಂಥ ಚರ್ಚೆಯಲ್ಲಿ ಭಾವುಕತೆಗಿಂತ ಅಂಕಿಅಂಶಕ್ಕೆ ಬೆಲೆ ಹೆಚ್ಚು. ನಾಗರಹೊಳೆಯ ರಸ್ತೆಯೊಂದರಲ್ಲಿ ಸಂಜಯ್ ಮತ್ತು ಸಹೋದ್ಯೋಗಿಗಳು ನಡೆಸಿದ ಅಧ್ಯಯನ 2012ರಲ್ಲಿ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾಯಿತು. ವಾಹನ ದಟ್ಟಣೆ ಹೆಚ್ಚಿರುವ ಕಡೆ ಜಿಂಕೆ, ಕಾಟಿ, ಆನೆಗಳು ರಸ್ತೆಯಂಚಿಗೆ ಬರುವುದು ಕಡಿಮೆ ಎಂದು ಅದು ತೋರಿಸಿತು. ರಸ್ತೆಯಲ್ಲಿ ಸತ್ತು ಬಿದ್ದ ಪ್ರಾಣಿ ಕಣ್ಣಿಗೆ ಬೀಳುತ್ತದೆ, ರಸ್ತೆಗೆ ಹೆದರಿ ಆ ಕಡೆ ಸುಳಿಯದ ಪ್ರಾಣಿಯನ್ನು ಲೆಕ್ಕ ಹಾಕಬೇಕಾಗುತ್ತದೆ.

ಅವರ ಕೆಲಸಗಳಲ್ಲಿ ಅತ್ಯಂತ ದೊಡ್ಡದು, ಅತ್ಯಂತ ಕಡಿಮೆ ಸುದ್ದಿಯಾದದ್ದು ಸಂರಕ್ಷಿತ ಪ್ರದೇಶಗಳ ವಿಸ್ತರಣೆ. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳ ಪಕ್ಕದಲ್ಲೇ ಮೀಸಲು ಅರಣ್ಯಗಳಿರುತ್ತವೆ. ಹುಲಿಗೆ ಎರಡೂ ಒಂದೇ, ಕಾನೂನಿಗೆ ಮಾತ್ರ ಬೇರೆ ಬೇರೆ. ಮೀಸಲು ಅರಣ್ಯಕ್ಕೆ ಗಣಿ, ಅಣೆಕಟ್ಟು, ರಸ್ತೆಗಳು ನುಗ್ಗುವುದು ಹೆಚ್ಚು ಸುಲಭ. ಸಂಜಯ್ ಮತ್ತು ಸಂಗಡಿಗರು ಹುಲಿ ಓಡಾಡುವ, ಎರಡು ಕಾಡುಗಳ ನಡುವೆ ಸೇತುವೆಯಂತಿರುವ ಅರಣ್ಯಗಳನ್ನು ನಕ್ಷೆಯಲ್ಲಿ ಗುರುತಿಸಿದರು. ಅರಣ್ಯ ಇಲಾಖೆಯ ಅಧಿಕಾರಿಗಳು, ಜನಪ್ರತಿನಿಧಿಗಳು, ರಾಜ್ಯ ವನ್ಯಜೀವಿ ಮಂಡಳಿ ಎಂದು ಮೇಜಿನಿಂದ ಮೇಜಿಗೆ ಆ ನಕ್ಷೆಗಳನ್ನು ಒಯ್ದರು. ಸಂಜಯ್ ಸ್ವತಃ ಆ ಮಂಡಳಿಯ ಸದಸ್ಯರೂ ಆಗಿದ್ದರು. ಫಲವಾಗಿ ಸುಮಾರು 2,385 ಚದರ ಕಿಲೋಮೀಟರ್ ಕಾಡು ಸಂರಕ್ಷಿತ ಪ್ರದೇಶಗಳಿಗೆ ಸೇರಿತು. ರಾಜ್ಯದ ಭೂಭಾಗದಲ್ಲಿ ಸಂರಕ್ಷಿತ ಪ್ರದೇಶದ ಪಾಲು ಶೇ 3.8ರಿಂದ ಶೇ 5.2ಕ್ಕೆ ಏರಿತು. ಮಲೆ ಮಹದೇಶ್ವರ ಬೆಟ್ಟದ ಕಾಡು 2013ರಲ್ಲಿ 906 ಚದರ ಕಿಲೋಮೀಟರ್ ವಿಸ್ತಾರದ ವನ್ಯಜೀವಿಧಾಮವಾಯಿತು, ಕಾವೇರಿ ವನ್ಯಜೀವಿಧಾಮವೂ ಹಿಗ್ಗಿತು. ಎಪ್ಪತ್ತರ ದಶಕದ ನಂತರ ದೇಶದಲ್ಲಿ ಇಷ್ಟು ದೊಡ್ಡ ವಿಸ್ತರಣೆ ನಡೆದಿರಲಿಲ್ಲ ಎಂದು ಅವರ ತಂಡ ದಾಖಲಿಸಿದೆ. ಇದು ಒಬ್ಬರ ಸಾಧನೆಯಲ್ಲ. ಸಹಿ ಹಾಕಿದ ಅಧಿಕಾರಿಗಳಿಗೂ ಸಚಿವರಿಗೂ ಪಾಲು ಸಲ್ಲಬೇಕು. ಸರ್ಕಾರದ ಜೊತೆ ಜಗಳಕ್ಕಿಂತ ಮಾತುಕತೆಯನ್ನು ನೆಚ್ಚುವ ಅವರ ವಿಧಾನವನ್ನು ಒಪ್ಪದ ಪರಿಸರವಾದಿಗಳೂ ಇರಬಹುದು. ಆದರೆ ಈ ಅಂಕಿಗಳ ಮುಂದೆ ಆ ತಕರಾರು ಸಪ್ಪೆ ಎನಿಸುತ್ತದೆ.

ಚಿರತೆ ಅಧ್ಯಯನ ಇದರ ಜೊತೆಜೊತೆಗೇ ಬೆಳೆಯಿತು. ಕಾಡುದಾರಿಯ ಎರಡೂ ಬದಿಯಲ್ಲಿ ಎದುರುಬದುರಾಗಿ ಕಟ್ಟಿದ ಕ್ಯಾಮೆರಾ ಟ್ರ್ಯಾಪ್‌ಗಳು ಹಾದುಹೋಗುವ ಪ್ರಾಣಿಯನ್ನು ತಾವೇ ಸೆರೆಹಿಡಿಯುತ್ತವೆ. ಚಿರತೆಯ ಮೈಮೇಲಿನ ಹೂಮಚ್ಚೆಗಳ ವಿನ್ಯಾಸ ಒಂದರಂತೆ ಇನ್ನೊಂದಕ್ಕಿಲ್ಲ. ಎಡಮೈ ಮತ್ತು ಬಲಮೈ ವಿನ್ಯಾಸಗಳೂ ಬೇರೆ, ಆದ್ದರಿಂದಲೇ ಎರಡು ಕ್ಯಾಮೆರಾ. ಚಿತ್ರಗಳನ್ನು ಹೋಲಿಸಿ ಒಂದೊಂದು ಚಿರತೆಯನ್ನೂ ಪ್ರತ್ಯೇಕವಾಗಿ ಗುರುತಿಸಿ, ಅದರಿಂದ ಒಟ್ಟು ಸಂಖ್ಯೆಯನ್ನು ಅಂದಾಜು ಮಾಡಲಾಗುತ್ತದೆ. ಈ ಕ್ಯಾಮೆರಾಗಳಿಗೆ ಹುಡುಕದ ಪ್ರಾಣಿಗಳೂ ಸಿಕ್ಕವು. ಕಾವೇರಿ ವನ್ಯಜೀವಿಧಾಮದಲ್ಲಿ ಬಲು ಅಪರೂಪದ ತರಕರಡಿ ಹೀಗೆಯೇ ದಾಖಲಾಯಿತು. ಸಂಜಯ್ ತಂಡ 2020ರಲ್ಲಿ ಪ್ರಕಟಿಸಿದ ಪ್ರಬಂಧವೊಂದರ ಶೀರ್ಷಿಕೆಯ ತಾತ್ಪರ್ಯ, ಗುಡ್ಡ ಗುಡ್ಡಕ್ಕೂ ಅದರದೇ ಚಿರತೆ ಇದೆ ಎಂಬುದು. ತುಮಕೂರಿನ ಸೀಮೆಯವರಿಗೆ ಇದರಲ್ಲಿ ಅಚ್ಚರಿಯೇನೂ ಇರಲಾರದು.

2016ರ ಘಟನೆ ಈ ಅಧ್ಯಯನಗಳ ನಡುವೆಯೇ ನಡೆಯಿತು. ಅಂದು ಭಾನುವಾರ, ಶಾಲೆಗೆ ರಜೆ. ಒಳಗೆ ನುಸುಳಿದ್ದ ಗಂಡು ಚಿರತೆ ಸಿಸಿ ಟಿವಿಯಲ್ಲಿ ಕಂಡ ಮೇಲೆ ಅರಣ್ಯ ಸಿಬ್ಬಂದಿ, ಪೊಲೀಸರು, ಪರಿಣತರು ಸೇರಿದರು. ಸುದ್ದಿ ಹಬ್ಬಿ ಜನರೂ ಕ್ಯಾಮೆರಾಗಳೂ ನೆರೆದವು. ಅವಿತಿದ್ದ ಜಾಗದಿಂದ ಚಿರತೆ ನುಗ್ಗಿ ಬಂದಾಗ ಸಂಜಯ್ ಈಜುಕೊಳದ ಬದಿಯಿಂದ ಓಡಿ ಗೇಟು ಹತ್ತಲು ಯತ್ನಿಸಿದರು. ಚಿರತೆ ಅವರನ್ನು ಕೆಳಗೆಳೆದು ಕಚ್ಚಿತು. ಅವರಲ್ಲದೆ ಇನ್ನೂ ಕೆಲವರಿಗೆ ಗಾಯಗಳಾದವು. ಕೊನೆಗೆ ಅರಿವಳಿಕೆ ನೀಡಿ ಹಿಡಿದ ಚಿರತೆಯನ್ನು ಬನ್ನೇರುಘಟ್ಟಕ್ಕೆ ಸಾಗಿಸಲಾಯಿತು. ವಾರದೊಳಗೆ ಅದು ಅಲ್ಲಿಂದಲೂ ತಪ್ಪಿಸಿಕೊಂಡಿತು. ಟಿವಿಯಲ್ಲಿ ಎಲ್ಲರೂ ಕಂಡದ್ದು ‘ರೊಚ್ಚಿಗೆದ್ದ ಚಿರತೆ’ಯನ್ನು. ಚಿರತೆ ಅಧ್ಯಯನ ಮಾಡುವವರು ಕಂಡದ್ದು ಗದ್ದಲ, ಗುಂಪುಗಳ ನಡುವೆ ದಾರಿಗಾಣದೆ ಕಂಗೆಟ್ಟ ಪ್ರಾಣಿಯನ್ನು.

ಮರುವರ್ಷ, 2017ರ ಮೇ ತಿಂಗಳಲ್ಲಿ, ಸಂಜಯ್ ಅವರಿಗೆ ಲಂಡನ್ನಿನಲ್ಲಿ ವಿಟ್ಲಿ ಪ್ರಶಸ್ತಿ ದೊರೆಯಿತು. ಪ್ರಶಸ್ತಿ ನೀಡಿದವರು ಬ್ರಿಟನ್ನಿನ ರಾಜಕುಮಾರಿ ಆ್ಯನ್. ಆ ಸಾಲಿನಲ್ಲಿ ಭಾರತದಿಂದ ಆಯ್ಕೆಯಾದ ಇನ್ನೊಬ್ಬರು ಅಸ್ಸಾಮಿನ ಪೂರ್ಣಿಮಾ ದೇವಿ ಬರ್ಮನ್. 35,000 ಪೌಂಡ್ ಮೊತ್ತದ ಈ ಗೌರವ ಸಂದದ್ದು ಚಿರತೆಯ ಕಡಿತಕ್ಕಲ್ಲ, ಹುಲಿಯ ದಾರಿಗಳನ್ನು ಉಳಿಸುವ ಕೆಲಸಕ್ಕೆ. ಪತ್ರಿಕೆಗಳು ಇದನ್ನು ‘ಹಸಿರು ಆಸ್ಕರ್’ ಎಂದು ಕರೆಯುತ್ತವೆ. ವನ್ಯಜೀವಿ ಚಿತ್ರಗಳಿಗೆ ಕೊಡುವ ಪಾಂಡಾ ಪ್ರಶಸ್ತಿಗೂ ಇದೇ ಅಡ್ಡಹೆಸರಿದ್ದು, ಮೈಸೂರಿನ ಕೃಪಾಕರ-ಸೇನಾನಿ ಜೋಡಿಗೆ ಸಂದದ್ದು ಆ ಇನ್ನೊಂದು. ಎರಡನ್ನೂ ಒಂದೇ ಎಂದು ಬರೆಯುವ ರೂಢಿ ನಮ್ಮಲ್ಲಿ ಧಾರಾಳವಾಗಿದೆ.

ಪ್ರಶಸ್ತಿಗೆ ಆಧಾರವಾದ ಕೆಲಸದ ಒಂದು ಭಾಗ ಹನೂರು ಸುತ್ತಲಿನ ಕಾಡಂಚಿನ ಹಳ್ಳಿಗಳಲ್ಲಿ ನಡೆಯಿತು. ಸೌದೆಗಾಗಿ ಕಾಡು ನಂಬಿದ್ದ ಮನೆಗಳಿಗೆ ಅಡುಗೆ ಅನಿಲ ಸಿಗುವಂತೆ ಮಾಡುವುದು ಅದರ ತಿರುಳು. ಸೌದೆ ಹೊರೆ ಹೊತ್ತು ಬರುವವರು ಹೆಚ್ಚಾಗಿ ಹೆಂಗಸರು. ಆನೆ, ಕರಡಿಗಳಿಗೆ ಎದುರಾಗುವ ಅಪಾಯವೂ ಅವರಿಗೇ. ಒಲೆ ಬದಲಾದರೆ ಕಾಡೂ ಉಳಿಯುತ್ತದೆ, ಜೀವಭಯವೂ ತಗ್ಗುತ್ತದೆ ಎಂಬುದು ಲೆಕ್ಕಾಚಾರ. ಪೆರಿಯಾರ್ ಪ್ರಬಂಧದಲ್ಲಿ ಎತ್ತಿದ್ದ ಪ್ರಶ್ನೆ ಇಲ್ಲಿ ಕೆಲಸದ ರೂಪ ಪಡೆಯಿತು.

ತವರು ಜಿಲ್ಲೆಗೂ ಈ ಅಧ್ಯಯನಗಳಿಂದ ಲಾಭವಾಯಿತು. ಶಿರಾ ಕಡೆಯ ಬುಕ್ಕಾಪಟ್ಟಣದ ಕುರುಚಲು ಕಾಡಿನಲ್ಲಿ ಸಂಜಯ್ ತಂಡದ ಕ್ಯಾಮೆರಾಗಳಿಗೆ ಚಿಂಕಾರ ಸಿಕ್ಕಿತು. ಒಣ ಬಯಲಿನ ಈ ಪುಟ್ಟ ಹುಲ್ಲೆ ಇಷ್ಟು ದಕ್ಷಿಣದಲ್ಲಿ ಇದೆ ಎಂದು ಅದುವರೆಗೆ ದಾಖಲಾಗಿರಲಿಲ್ಲ. ಕೃಷ್ಣಮೃಗ, ಕೊಂಡುಕುರಿಗಳೂ ಅಲ್ಲಿವೆ. 2019ರಲ್ಲಿ ಸುಮಾರು 136 ಚದರ ಕಿಲೋಮೀಟರ್ ಪ್ರದೇಶ ಬುಕ್ಕಾಪಟ್ಟಣ ಚಿಂಕಾರ ವನ್ಯಜೀವಿಧಾಮವಾಯಿತು. ಸರ್ಕಾರಿ ಕಡತಗಳಲ್ಲಿ ‘ಪಾಳು’, ‘ಕುರುಚಲು’ ಎಂದು ತಳ್ಳಿಹಾಕುವ ನೆಲಕ್ಕೆ ಇಂಥ ಮನ್ನಣೆ ಸಿಗುವುದು ಅಪರೂಪ.

ಅದೇ ಜಿಲ್ಲೆ ಸಂರಕ್ಷಣೆಯ ಅತಿ ಕಠಿಣ ಮುಖವನ್ನೂ ಕಂಡಿತು. 2018ರ ಜನವರಿಯಲ್ಲಿ ತುಮಕೂರು ನಗರದ ಜಯನಗರದಲ್ಲಿ ಚಿರತೆಯೊಂದು ಮನೆಯೊಳಗೇ ಹೊಕ್ಕಿತು. ಮನೆಯ ಹೆಂಗಸರು ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಪಾರಾದರು, ಗಂಟೆಗಟ್ಟಲೆ ಕಾರ್ಯಾಚರಣೆಯ ಬಳಿಕ ಚಿರತೆ ಸೆರೆಸಿಕ್ಕಿತು. ಅಲ್ಲಿ ಯಾರ ಪ್ರಾಣವೂ ಹೋಗಲಿಲ್ಲ. 2019ರ ಕೊನೆ ಮತ್ತು 2020ರ ಆರಂಭದ ಕತೆ ಹಾಗಲ್ಲ. ಹೆಬ್ಬೂರು, ಸಿ.ಎಸ್. ಪುರ ಹೋಬಳಿಗಳ ಸುತ್ತ, ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳು ಕೂಡುವ ಸೀಮೆಯಲ್ಲಿ ಕೆಲವೇ ತಿಂಗಳ ಅಂತರದಲ್ಲಿ ಪುಟ್ಟ ಮಕ್ಕಳೂ ಸೇರಿದಂತೆ ಹಲವರು ಚಿರತೆ ದಾಳಿಗೆ ಬಲಿಯಾದರು. ಸಂಜೆಯಾದರೆ ಜನ ಹೊಲದ ಕಡೆ ಹೋಗದಾದರು, ಊರೂರಿಗೆ ಬೋನುಗಳು ಬಂದವು.

ಬೋನಿಗೆ ಬಿದ್ದ ಚಿರತೆಯನ್ನು ಏನು ಮಾಡಬೇಕು ಎಂಬುದೇ ಇಲ್ಲಿನ ಕಗ್ಗಂಟು. ದೂರದ ಕಾಡಿಗೆ ಒಯ್ದು ಬಿಡುವುದು ಹಳೆಯ ಪರಿಪಾಟ. ಮಹಾರಾಷ್ಟ್ರದ ಜುನ್ನರ್ ಪ್ರದೇಶದಲ್ಲಿ ವಿದ್ಯಾ ಅತ್ರೇಯ ನಡೆಸಿದ ಅಧ್ಯಯನ, ಹಾಗೆ ಬಿಟ್ಟ ಮೇಲೆ ಬಿಟ್ಟ ಜಾಗದ ಸುತ್ತ ಮನುಷ್ಯರ ಮೇಲಿನ ದಾಳಿ ಹೆಚ್ಚಿದ್ದನ್ನು ತೋರಿಸಿತು. ಒಂದು ಚಿರತೆ ತೆರವು ಮಾಡಿದ ಗುಡ್ಡಕ್ಕೆ ಮತ್ತೊಂದು ಬರುತ್ತದೆ, ಅಪರಿಚಿತ ನೆಲದಲ್ಲಿ ಬಿಟ್ಟದ್ದು ದಿಕ್ಕೆಟ್ಟು ಅಲೆಯುತ್ತದೆ. ಕೇಂದ್ರ ಪರಿಸರ ಸಚಿವಾಲಯದ 2011ರ ಮಾರ್ಗಸೂಚಿಯೂ ಹೀಗೆ ಹಿಡಿದು ಸಾಗಿಸುವುದನ್ನು ಪ್ರೋತ್ಸಾಹಿಸುವುದಿಲ್ಲ. ಸಂಜಯ್ ಅವರ ನಿಲುವೂ ಬಹುಮಟ್ಟಿಗೆ ಇದೇ. ವಿಜ್ಞಾನವೇನೋ ಸ್ಪಷ್ಟವಾಗಿದೆ. ಆದರೆ ಮಗುವನ್ನು ಕಳೆದುಕೊಂಡ ಮನೆಯ ಮುಂದೆ ನಿಂತು ಅದನ್ನು ಹೇಳುವುದು ಯಾರಿಂದಲೂ ಸಾಧ್ಯವಿಲ್ಲ, ಹೇಳಲೂಬಾರದು. ದಾಳಿಗೆ ಮೊದಲೇ ಆಗಬೇಕಾದ ಕೆಲಸಗಳು ಬೇರೆಯೇ ಇವೆ: ಗಟ್ಟಿ ಬಾಗಿಲಿನ ಕೊಟ್ಟಿಗೆ, ಊರಂಚಿನ ಬೆಳಕು, ನಾಯಿಗಳನ್ನು ಸೆಳೆಯುವ ಮಾಂಸದ ತ್ಯಾಜ್ಯದ ವಿಲೇವಾರಿ, ಕಲ್ಲುಗಣಿಗೆ ಆಹುತಿಯಾಗದೆ ಗುಡ್ಡಗಳು ಗುಡ್ಡಗಳಾಗಿಯೇ ಉಳಿಯುವುದು.

ಈ ಅನುಭವಗಳನ್ನು ಸಂಜಯ್ ಎರಡೂ ಭಾಷೆಗಳಲ್ಲಿ ಬರೆದಿದ್ದಾರೆ. ಇಂಗ್ಲಿಷಿನ ‘ಸೆಕೆಂಡ್ ನೇಚರ್’ 2018ರಲ್ಲಿ, ‘ಲೆಪರ್ಡ್ ಡೈರೀಸ್’ 2021ರಲ್ಲಿ ಬಂದವು. ‘ವನ್ಯಜೀವಿಗಳ ಜಾಡು ಹಿಡಿದು’, ‘ಶಾಲೆಗೆ ಬಂದ ಚಿರತೆ ಮತ್ತು ಇತರ ಕಥೆಗಳು’ ಕನ್ನಡದ ಪುಸ್ತಕಗಳು, ಎರಡೂ ನವಕರ್ನಾಟಕ ಪ್ರಕಟಣೆ. ಸಂಶೋಧನೆಯನ್ನು ಇಂಗ್ಲಿಷಿನಲ್ಲಷ್ಟೇ ಬರೆದು ಸುಮ್ಮನಾಗುವ ವಿಜ್ಞಾನಿಗಳ ನಡುವೆ ಇದು ಸಣ್ಣ ಮಾತಲ್ಲ. ಈಗ ಅವರ ಕೆಲಸ ಹೊಳೆಮತ್ತಿ ನೇಚರ್ ಫೌಂಡೇಶನ್ ಮೂಲಕ ಮುಂದುವರಿದಿದೆ. ಕಾವೇರಿ ದಂಡೆಯ ಹೆಮ್ಮರದ ಹೆಸರು ಹೊತ್ತ ಈ ಸಂಸ್ಥೆ ಸಂಶೋಧನೆಯ ಜೊತೆಗೆ ಕಾಡಂಚಿನ ಮಕ್ಕಳಿಗೆ ವನ್ಯಜೀವಿ ಶಿಕ್ಷಣವನ್ನೂ ಕೊಡುತ್ತದೆ.

ಚಿರತೆಗಳ ಸಂಖ್ಯೆಯ ಪ್ರಶ್ನೆ ಇನ್ನೂ ಇತ್ಯರ್ಥವಾಗಿಲ್ಲ. ಕೇಂದ್ರ ಸರ್ಕಾರದ 2022ರ ಅಂದಾಜಿನಲ್ಲಿ ದೇಶದಲ್ಲಿ 13,874, ಕರ್ನಾಟಕದಲ್ಲಿ 1,879 ಚಿರತೆಗಳಿವೆ. ಸಂಜಯ್ ಅವರ ಅಂದಾಜು ರಾಜ್ಯದಲ್ಲಿ ಸುಮಾರು 2,500. ಸರ್ಕಾರಿ ಎಣಿಕೆ ಮುಖ್ಯವಾಗಿ ಹುಲಿ ಇರುವ ಕಾಡುಗಳ ಸುತ್ತ ನಡೆಯುತ್ತದೆ. ಗುಬ್ಬಿಯ ತೋಟಗಳ ಮೇಲಿನ ಬಂಡೆಗುಡ್ಡಗಳು, ಕುಣಿಗಲ್ ಕಡೆಯ ದುರ್ಗಗಳು, ಕೆರೆಯಂಗಳದ ಪೊದೆಗಳು ಬಹುಪಾಲು ಅದರ ಹೊರಗೇ ಉಳಿದಿವೆ.